ರಕ್ತನಾಳಕ್ಕೂ ಊರುಂಟೆ?

ಹೃದಯಾಘಾತವೆಂದರೆ ಪಟ್ಟಣದಲ್ಲಿ ಕುಳಿತು ಉಣ್ಣುವವರ ಕಾಯಿಲೆ, ಮುದ್ದೆ ಉಂಡು ಹೊಲದಲ್ಲಿ ದುಡಿಯುವವನ ಹತ್ತಿರ ಅದು ಸುಳಿಯದು ಎಂಬ ನಂಬಿಕೆ ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಲ್ಲೂ ಉಂಟು. ಲೋಕದ ಲೆಕ್ಕ ಬೇರೆಯೇ ಇದೆ.

1958ರಲ್ಲಿ ಆರಂಭವಾದ 'ಏಳು ದೇಶಗಳ ಅಧ್ಯಯನ'ವು 40ರಿಂದ 59 ವಯಸ್ಸಿನ ಗಂಡಸರನ್ನು ವರ್ಷಗಟ್ಟಲೆ ಗಮನಿಸಿತು. ಹೃದಯದ ಧಮನಿ ರೋಗ ಅತಿ ಹೆಚ್ಚು ಕಂಡದ್ದು ಪೂರ್ವ ಫಿನ್ಲೆಂಡಿನ ಶ್ರಮಜೀವಿಗಳಲ್ಲಿ! ಬೆಣ್ಣೆ, ಹಾಲು ಅವರಿಗೆ ಯಥೇಚ್ಛ, ಧೂಮಪಾನವೂ ಜೊತೆಗಿತ್ತು. ಗ್ರೀಸಿನ ಕ್ರೀಟ್ ದ್ವೀಪ ಮತ್ತು ಜಪಾನಿನಲ್ಲಿ ರೋಗ ಅತಿ ಕಡಿಮೆ.

ಹಾಗಾದರೆ ವಂಶಗುಣವೇ ಕಾರಣವೆ? ಜಪಾನಿನಲ್ಲೇ ಉಳಿದವರು, ಹವಾಯಿಗೆ ವಲಸೆ ಹೋದವರು, ಕ್ಯಾಲಿಫೋರ್ನಿಯದಲ್ಲಿ ನೆಲೆಸಿದವರು ಮೂಲತಃ ಒಂದೇ ಜನ. ಆದರೆ ರೋಗ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಬದಲಾದದ್ದು ರಕ್ತವಲ್ಲ, ಬದುಕಿನ ರೀತಿ.

ಮೈಸೂರಿನ ಕಥೆ ಇನ್ನೂ ವಿಚಿತ್ರ. ಮಿಷನ್ ಆಸ್ಪತ್ರೆ ಎಂದೇ ಹೆಸರಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದ 517 ಸ್ತ್ರೀಪುರುಷರನ್ನು ಹುಡುಕಿ ಪರೀಕ್ಷಿಸಿದ ವರದಿ 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಕಡಿಮೆ ತೂಗಿದವರಲ್ಲಿ ಶೇ. 11 ಮಂದಿಗೆ ಹೃದ್ರೋಗ; 3.1 ಕಿಲೋ ಮೀರಿದವರಲ್ಲಿ ಕೇವಲ ಶೇ. 3. ಬಸುರಿಯ ತಟ್ಟೆಯಲ್ಲಿ ಕೊರತೆಯಾದುದರ ಗುರುತು ಐವತ್ತು ವರ್ಷದ ಬಳಿಕ ಮಗನ ಎದೆಯಲ್ಲಿ ಕಾಣಬಹುದೆಂದಾಯಿತು.

52 ದೇಶಗಳ 'ಇಂಟರ್‌ಹಾರ್ಟ್' ಅಧ್ಯಯನದಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಇತರರಲ್ಲಿ ಸುಮಾರು 59. ಮಗಳ ಮದುವೆ, ಮಗನ ಓದು, ಬ್ಯಾಂಕಿನ ಸಾಲ ಎಲ್ಲವೂ ಹೆಗಲ ಮೇಲಿರುವ ವಯಸ್ಸಿಗೇ ಪೆಟ್ಟು ಬೀಳುತ್ತದೆ.

ಧಮನಿಯೊಳಗೆ ಕೊಬ್ಬು ಕಟ್ಟುವುದು ಕೆ.ಆರ್. ನಗರದ ನಾಲೆಯಲ್ಲಿ ಹೂಳು ತುಂಬುವಂತಲ್ಲ. ಅದು ಸೇರುವುದು ಗೋಡೆಯ ಒಳಪದರದ ಅಡಿಯಲ್ಲಿ. ಆ ಪದರ ಒಡೆದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಲ್ಲುತ್ತದೆ. ಹೊಗೆಸೊಪ್ಪು ಬೆಳೆದು ಬ್ಯಾರನ್ನಿನಲ್ಲಿ ಹದಮಾಡುವುದು ಈ ತಾಲ್ಲೂಕುಗಳ ಜೀವನೋಪಾಯ. ಸೇದುವುದು ಬೇರೆ ಮಾತು. ಬೀಡಿಯ ಹೊಗೆ ಆ ಪದರವನ್ನೇ ಕೆಡಿಸಿ, ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುತ್ತದೆ. ಬಿಟ್ಟ ಒಂದು ವರ್ಷದಲ್ಲಿ ಆ ಹೆಚ್ಚುವರಿ ಅಪಾಯ ಅರ್ಧಕ್ಕಿಳಿಯುತ್ತದೆ.

ಹುಟ್ಟಿದಾಗಿನ ತೂಕವನ್ನು ಈಗ ತಿದ್ದಲಾಗದು. ಬೀಡಿ, ಉಪ್ಪು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಮಾತ್ರ ಕೈಯಲ್ಲಿವೆ. ನಲವತ್ತು ದಾಟಿದವನ ಎದೆ ಹಿಂಡಿ, ಬೆವರು ಕಿತ್ತುಬಂದರೆ ಅದನ್ನು 'ಗ್ಯಾಸ್' ಎಂದು ಸೋಡಾ ಕುಡಿದು ಮಲಗುವುದು ಸಲ್ಲದು. ಎಚ್.ಡಿ. ಕೋಟೆಯ ಒಳಹಳ್ಳಿಯಿಂದ ಮೈಸೂರು ದೂರವಿದೆ. ಬೆಳಗಾಗಲಿ ಎಂದು ಕಾಯುವಷ್ಟು ಪುರುಸೊತ್ತು ಹೃದಯದ ಸ್ನಾಯುವಿಗಿಲ್ಲ. ಕೂಡಲೇ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಬೇಕು.