ಕಾರ್ಖಾನೆಯೂ ಹೊಳೆಯೂ

ಬೆಂಗಳೂರಿನಿಂದ ಮೈಸೂರಿಗೆ ಸಾಗುವ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ಕ್ರಮಿಸಿದರೆ ಬಿಡದಿ ಸಿಗುತ್ತದೆ. ತಟ್ಟೆ ಇಡ್ಲಿಗೆ ಹೆಸರಾದ ಈ ಊರು ಇಂದು ಮೋಟಾರು ಕಾರುಗಳ ಊರೂ ಆಗಿದೆ. 1997ರಲ್ಲಿ ಸ್ಥಾಪನೆಗೊಂಡ ಟೊಯೋಟ ಕಿರ್ಲೋಸ್ಕರ್ ಸಂಸ್ಥೆಯು 1999ರ ಕೊನೆಯಲ್ಲಿ ಇಲ್ಲಿ ಉತ್ಪಾದನೆಯನ್ನು ಆರಂಭಿಸಿತು. 2010ರಲ್ಲಿ ಅದರ ಎರಡನೆಯ ಕಾರ್ಖಾನೆಯೂ ಕೆಲಸ ತೊಡಗಿತು. ಬೆಂಗಳೂರಿನ ಆಡುಗೋಡಿಯಲ್ಲಿ ದಶಕಗಳ ಕಾಲ ಡೀಸೆಲ್ ಎಂಜಿನುಗಳ ಇಂಧನ ಪಂಪುಗಳನ್ನು ತಯಾರಿಸಿದ ಮೈಕೊ, ಅಂದರೆ ಇಂದಿನ ಬಾಷ್, 2015ರಲ್ಲಿ ಬಿಡದಿಯಲ್ಲಿ ಹೊಸ ಕಾರ್ಖಾನೆಯನ್ನು ತೆರೆದು ತಯಾರಿಕೆಯನ್ನು ಅಲ್ಲಿಗೆ ಸಾಗಿಸತೊಡಗಿತು. ಆಡುಗೋಡಿಯ ಆವರಣವು ಸಂಶೋಧನೆ ಮತ್ತು ತಂತ್ರಾಂಶಗಳ ನೆಲೆಯಾಯಿತು. ಯಂತ್ರದ ದುಡಿಮೆ ಊರಾಚೆಗೆ, ಮೇಜಿನ ದುಡಿಮೆ ಊರೊಳಗೆ! ಜಗತ್ತಿನ ಹಲವು ಮಹಾನಗರಗಳು ಹೀಗೆಯೇ ಮಾಡಿವೆ.

ಈ ಸ್ಥಳಾಂತರವನ್ನು ಕೇಡೆಂದು ಹಳಿಯುವುದು ನ್ಯಾಯವಲ್ಲ. ಟೊಯೋಟ ಸಂಸ್ಥೆಯು 2007ರಲ್ಲಿ ಬಿಡದಿಯಲ್ಲಿ ತೆರೆದ ತರಬೇತಿ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ಬಡ ಕುಟುಂಬಗಳ ಮಕ್ಕಳು ಮೂರು ವರ್ಷಗಳ ಕಾಲ ಅಲ್ಲಿಯೇ ತಂಗಿ ಕಸುಬು ಕಲಿಯುತ್ತಾರೆ. ಉಳುವವನ ಮಗನಿಗೆ ಊರಿನ ಸಮೀಪದಲ್ಲಿಯೇ ಇಂತಹ ವಿದ್ಯೆ ದೊರೆಯುವುದು ಸಣ್ಣ ಮಾತಲ್ಲ.

ಆದರೆ ನಗರದಿಂದ ಬಿಡದಿಯ ಕಡೆಗೆ ಬರುವುದು ಕಾರ್ಖಾನೆಗಳಷ್ಟೇ ಅಲ್ಲ. ಬಸವನಗುಡಿಯ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ಹುಟ್ಟುವ ವೃಷಭಾವತಿ ಹೊಳೆಯು ಬೆಂಗಳೂರಿನ ಕೊಳಚೆಯನ್ನೂ ಉದ್ಯಮಗಳ ತ್ಯಾಜ್ಯವನ್ನೂ ಹೊತ್ತು ಬಿಡದಿಯ ಸಮೀಪದ ಬೈರಮಂಗಲದ ಕೆರೆಯನ್ನು ಸೇರುತ್ತದೆ. ನೀರಾವರಿಗೆಂದು ಕಟ್ಟಿದ ಆ ಕೆರೆಯಲ್ಲಿ ನೊರೆಯೇಳುತ್ತದೆ. ಕಟುವಾಸನೆ ದೂರಕ್ಕೂ ಹರಡುತ್ತದೆ. ನೀರು ಕೆಟ್ಟಂತೆ ಅಚ್ಚುಕಟ್ಟಿನ ಹಲವು ರೈತರು ಭತ್ತವನ್ನು ಬಿಟ್ಟು ಎಳೆಜೋಳ, ಹಿಪ್ಪುನೇರಳೆ, ಮೇವಿನ ಹುಲ್ಲುಗಳಿಗೆ ತಿರುಗಿದರು. ಒಂದೇ ಮನೆಯ ಮಗ ಕಾರ್ಖಾನೆಯಲ್ಲಿ ದುಡಿದು ಸಂಬಳ ತರಬಹುದು. ತಂದೆ ಆ ನೀರಿಗೇ ಕಾಲಿಟ್ಟು ಗದ್ದೆಗೆ ಹಾಯಿಸಬೇಕು.

ಕಾರ್ಖಾನೆಗಳನ್ನು ಬೇರೆಡೆಗೆ ಕಳುಹಿಸಿ ನಗರವು ತನ್ನ ಹೊರೆ ಇಳಿಯಿತೆಂದು ಭಾವಿಸಬಹುದು. ಹೊಸ ಉದ್ಯಮಕ್ಕೆ ಭೂಮಿ, ವಿದ್ಯುತ್ತು, ರಸ್ತೆಗಳನ್ನು ಸರ್ಕಾರವು ಲೆಕ್ಕಹಾಕಿ ಒದಗಿಸುತ್ತದೆ. ಹೊಳೆಗೂ ಆ ಲೆಕ್ಕದಲ್ಲಿ ಸ್ಥಾನವಿರಬೇಕು. ಕೊಳಚೆಯನ್ನು ತನ್ನ ಎಲ್ಲೆಯೊಳಗೇ ಪೂರ್ಣವಾಗಿ ಶುದ್ಧಗೊಳಿಸುವ ಹೊಣೆ ಮೊದಲು ಬೆಂಗಳೂರಿನದು, ಬೈರಮಂಗಲದ ರೈತನದಲ್ಲ. ಇದನ್ನು ಔದಾರ್ಯವೆಂದು ಎಣಿಸಬೇಕಾಗಿಯೂ ಇಲ್ಲ. ಬೆಂಗಳೂರು ಕುಡಿಯುವುದು ಹೆಚ್ಚಾಗಿ ಕಾವೇರಿಯ ನೀರನ್ನು. ಕೃಷ್ಣರಾಜಪೇಟೆಯ ಸೀಮೆಯಲ್ಲಿ ಹರಿದು ಬರುವ ಹೇಮಾವತಿಯೂ ಕೃಷ್ಣರಾಜಸಾಗರದಲ್ಲಿ ಆ ನದಿಗೆ ಕೂಡುತ್ತದೆ. ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು ನಗರಕ್ಕೇರಿದ ಆ ನೀರಿನ ಒಂದು ಪಾಲು ಕೊಳಚೆಯಾಗಿ ವೃಷಭಾವತಿಗಿಳಿದು, ಬಿಡದಿಯ ಸೀಮೆಯನ್ನು ಹಾದು, ಅರ್ಕಾವತಿಯೊಡನೆ ಬೆರೆತು, ಕನಕಪುರದಾಚೆಯ ಸಂಗಮದಲ್ಲಿ ಮತ್ತೆ ಕಾವೇರಿಯನ್ನೇ ಸೇರುತ್ತದೆ.