ನೀರಿಗೂ ಜಮೀನ್ದಾರ, ಮೀನಿಗೂ ಗೋಡೆ

ನೆಲಕ್ಕೆ ಧಣಿಯಿದ್ದುದನ್ನು ನಾವು ಬಲ್ಲೆವು. 1951ರಲ್ಲಿ ಕಾಗೋಡಿನ ಗೇಣಿದಾರರು ಆ ಧಣಿಯ ಎದುರು ನಿಂತುದೂ ನಮಗೆ ಮರೆತಿಲ್ಲ. ಆದರೆ ಹರಿಯುವ ಹೊಳೆಗೂ ಧಣಿಯಿದ್ದನೆಂದರೆ ಓದುಗ ಬಂಧುಗಳಲ್ಲಿ ಎಷ್ಟು ಮಂದಿ ನಂಬುವಿರಿ? ಬಿಹಾರದ ಭಾಗಲಪುರದ ಸೀಮೆಯಲ್ಲಿ, ಸುಲ್ತಾನಗಂಜಿನಿಂದ ಪೀರಪೈಂತಿಯವರೆಗಿನ ಸುಮಾರು 80 ಕಿಲೋಮೀಟರು ಗಂಗೆ ‘ಪಾನೀದಾರ’ರ ಸ್ವತ್ತಾಗಿತ್ತು. ಮೊಗಲರ ಕಾಲದಿಂದ ಬಂದ ಹಕ್ಕಂತೆ! ಸ್ವಾತಂತ್ರ್ಯ ಬಂದಿತು, ಜಮೀನ್ದಾರಿ ರದ್ದಾಯಿತು, ನೀರಿನ ಜಮೀನ್ದಾರಿ ಮಾತ್ರ ಅಲುಗಲಿಲ್ಲ. ಮೀನು ಸಿಕ್ಕಲಿ ಬಿಡಲಿ, ಬಲೆ ಬೀಸುವ ಮಲ್ಲಾಹರು ತೆರಿಗೆ ಕಟ್ಟಲೇಬೇಕಿತ್ತು.

1982ರ ಫೆಬ್ರವರಿಯಲ್ಲಿ ಕಹಲಗಾಂವಿನ ಬೆಸ್ತರು ‘ಗಂಗಾ ಮುಕ್ತಿ ಆಂದೋಲನ’ ಹೂಡಿದರು. ಜಯಪ್ರಕಾಶರ ಸಂಘರ್ಷ ವಾಹಿನಿಯ ತರುಣರು ಜೊತೆಗಿದ್ದರು. ದೋಣಿಗಳಲ್ಲೇ ಮೆರವಣಿಗೆ ಹೊರಟಿತು. ಸುಮಾರು ಹತ್ತು ವರ್ಷ ಕಾದಾಡಿ, 1991ರ ಹೊತ್ತಿಗೆ ಪಾನೀದಾರಿಯನ್ನು ಮುಗಿಸಿದರು.

ಗೆದ್ದವರು ಬಲೆ ಎತ್ತಿ ನೋಡಿದರೆ ಹಿಲ್ಸಾ ಇರಲಿಲ್ಲ.

ಹಿಲ್ಸಾ ಬಡವನ ದೋಣಿಗೆ ಮಳೆಗಾಲದ ಬೋನಸ್ಸು. ಬಂಗಾಳಿಗಳು ಇಲಿಶ್ ಎಂದು ಪ್ರಾಣ ಬಿಡುವ ಮೀನು ಇದೇ. ಬೆಳೆಯುವುದು ಸಮುದ್ರದಲ್ಲಿ, ಅಳಿವೆಯಲ್ಲಿ. ಮೊಟ್ಟೆಯಿಡಲು ಮಾತ್ರ ಸಿಹಿನೀರೇ ಬೇಕು. ಹೊಸನೀರು ಬಂದೊಡನೆ ಹೊಳೆಗೆ ಎದುರಾಗಿ ಈಜುತ್ತದೆ. ಹಿಂದೆ ಹೀಗೆ ಭಾಗಲಪುರ, ಬಕ್ಸರ್, ಪ್ರಯಾಗ ದಾಟಿ ಯಮುನೆಯಲ್ಲಿ ಆಗ್ರಾದವರೆಗೂ ಏರುತ್ತಿತ್ತು. 1975ರಲ್ಲಿ ಮುರ್ಶಿದಾಬಾದ್ ಜಿಲ್ಲೆಯ ಫರಕ್ಕಾದಲ್ಲಿ ಎರಡು ಕಿಲೋಮೀಟರಿಗೂ ಉದ್ದದ, 109 ಬಾಗಿಲುಗಳ ಬ್ಯಾರೇಜು ಎದ್ದು ನಿಂತಿತು. ಟನ್ನುಗಟ್ಟಲೆ ಹಿಲ್ಸಾ ಇಳಿಯುತ್ತಿದ್ದ ಮೇಲಿನ ಘಟ್ಟಗಳಲ್ಲಿ ಆಮೇಲೆ ಅದನ್ನು ಹುಡುಕಬೇಕಾಯಿತು.

ಕಲಕತ್ತೆಯ ಬಂದರು ಹೂಳಿನಿಂದ ಸಾಯುತ್ತಿದೆ, 40 ಸಾವಿರ ಕ್ಯೂಸೆಕ್ಸ್ ನೀರು ತಿರುಗಿಸಿ ಹೂಳು ಕೊಚ್ಚಿಹಾಕಬೇಕು ಎಂಬುದೇ ಇದಕ್ಕೆ ಕೊಟ್ಟ ಕಾರಣ. ಬಂದರು ಬೇಡವೆಂದು ನಾವು ಹೇಳುವುದಿಲ್ಲ. ಅಲ್ಲಿಯ ಹಮಾಲರೂ ಸೆಣಬಿನ ಗಿರಣಿಯವರೂ ನಮ್ಮವರೇ. ಆದರೆ ಬಂದರಾದರೂ ಉದ್ಧಾರವಾಯಿತೇ? ಇಂದಿಗೂ ಹೂಳೆತ್ತುವ ಯಂತ್ರವಿಲ್ಲದೆ ಅಲ್ಲಿ ಹಡಗು ಸಾಗದು. ಹೀಗಾದೀತೆಂದು ಬಂಗಾಳದ ಇಂಜಿನಿಯರ್ ಕಪಿಲ ಭಟ್ಟಾಚಾರ್ಯರು ಕಟ್ಟುವ ಮೊದಲೇ ಬರೆದಿದ್ದರು. ಅವರಿಗೆ ಸಿಕ್ಕಿದ ಬಹುಮಾನ ‘ಪಾಕಿಸ್ತಾನದ ಏಜೆಂಟ್’ ಎಂಬ ಬಿರುದು! ಲೆಕ್ಕ ಕೇಳಿದವನನ್ನು ದ್ರೋಹಿ ಎನ್ನುವ ಚಾಳಿ ಗಿರಣಿ ಮ್ಯಾನೇಜರರ ಸ್ವಂತದ್ದೆಂದು ನಾವು ತಿಳಿದಿದ್ದೆವು.

ಇದು ದೂರದೇಶದ ಸುದ್ದಿಯೆಂದು ಪುಟ ಮಗುಚಬೇಡಿ. ನಮ್ಮ ಕೊಡಗಿನಲ್ಲಿ ಹುಟ್ಟುವ ಕಾವೇರಿಯ ಕೆಳಪಾತ್ರದಲ್ಲೂ ಹಿಲ್ಸಾ ಏರುತ್ತಿತ್ತು. 1934ರಲ್ಲಿ ಮೆಟ್ಟೂರು ಅಣೆ ಮುಗಿಯಿತು. ಅಲ್ಲಿಯ ಹಿಲ್ಸಾ ಬೇಟೆಯೂ ಅಳಿಯಿತು. ಫರಕ್ಕಾ ಕಟ್ಟುವವರಿಗೆ ಈ ಪಾಠ 40 ವರ್ಷ ಮೊದಲೇ ದೊರೆತಿತ್ತು.

2019ರಲ್ಲಿ ಕೇಂದ್ರ ಸರ್ಕಾರಕ್ಕೆ ಮೀನಿನ ನೆನಪಾಯಿತು. ಅದೂ ಸರಕಿನ ಹಡಗುಗಳಿಗಾಗಿ ಹೊಸ ಲಾಕ್‌ಗೇಟು ಮಾಡುವಾಗ! ಮೊಟ್ಟೆಯಿಡುವ ಕಾಲದಲ್ಲಿ ರಾತ್ರಿ ಒಂದರಿಂದ ಬೆಳಗಿನ ಐದರವರೆಗೆ ಅದೇ ಬಾಗಿಲನ್ನು ಹಿಲ್ಸಾಕ್ಕೂ ತೆರೆದಿಡುವುದಾಗಿ ಪ್ರಕಟಿಸಿದರು. ಹಗಲೆಲ್ಲ ಹಡಗಿಗೆ, ಮೀನಿಗೆ ರಾತ್ರಿ ಪಾಳಿ. ಬ್ಯಾರಕ್‌ಪುರದ ಮೀನು ಸಂಶೋಧನಾ ಸಂಸ್ಥೆಯವರು ಹಿಲ್ಸಾಗಳನ್ನು ಗೋಡೆಯ ಮೇಲ್ಗಡೆಯ ನೀರಿಗೆ ತಂದು ಬಿಡುತ್ತಿದ್ದಾರೆ. ವಿಜ್ಞಾನಿಗಳ ಶ್ರಮವನ್ನು ನಾವು ಹಳಿಯುವುದಿಲ್ಲ. ಆದರೆ ಹೊಳೆಯಲ್ಲಿ ತಾನೇ ಈಜಿ ಹೋಗುತ್ತಿದ್ದ ಮೀನನ್ನು ಈಗ ಮನುಷ್ಯನು ಹೊತ್ತು ದಾಟಿಸಬೇಕಾಗಿದೆ.

ಕಲಕತ್ತೆಯ ಪೇಟೆಯಲ್ಲಿ ದೊಡ್ಡ ಹಿಲ್ಸಾ ಕಿಲೋಗೆ ಸಾವಿರ ರೂಪಾಯಿ ದಾಟಿದೆ. ಬುಟ್ಟಿಯಲ್ಲಿ ಮೀನು ಮಾರುವ ಹೆಂಗಸು ಅದನ್ನು ಕೊಳ್ಳುವುದೆಲ್ಲಿ, ಮಾರುವುದೆಲ್ಲಿ? ಬಲೆ ಮಡಿಚಿದ ಮಲ್ಲಾಹರು ದಿಲ್ಲಿಗೋ ಪಂಜಾಬಿಗೋ ಕೂಲಿಗೆ ರೈಲು ಹತ್ತಿದರು. ಬ್ಯಾರೇಜಿನ ಖರ್ಚಿನ ಪಟ್ಟಿಯಲ್ಲಿ ಸಿಮೆಂಟಿಗೆ ಬಾಬು ಇತ್ತು, ಉಕ್ಕಿಗೆ ಬಾಬು ಇತ್ತು; ಇವರ ಹೊಟ್ಟೆಗೆ ಇರಲಿಲ್ಲ. ಮೊದಲು ಆ ಬಾಬನ್ನು ಬರೆಯಿರಿ, 1975ರಿಂದ ಬಾಕಿ ಹಿಡಿದು. ಮೀನು ಹತ್ತುವ ದಾರಿಯನ್ನು ಹಡಗಿನ ಹಂಗಿಲ್ಲದೆ ಕಟ್ಟಿರಿ. ಅದು ಎಲ್ಲಿ, ಎಷ್ಟು ಆಳ, ಯಾವ ತಿಂಗಳೆಂಬುದನ್ನು ಕಹಲಗಾಂವಿನ ದೋಣಿಯವರನ್ನು ಕೂರಿಸಿಕೊಂಡು ಗೊತ್ತುಮಾಡಿರಿ.