ಯಾವ ಠಾಣೆಯ ಬಾಗಿಲು ತಟ್ಟಬೇಕು?

ಕಾಲೇಜಿನ ಕ್ಯಾಂಟೀನಿನಲ್ಲಿ ಪೊಲೀಸರ ಮಾತು ಬಂದರೆ ನಮಗೆ ನೆನಪಾಗುವುದು ಎರಡೇ: ಹೆಲ್ಮೆಟ್ ಇಲ್ಲದೆ ಕಟ್ಟಿದ ದಂಡ ಮತ್ತು ಸಿನಿಮಾದ ಖಡಕ್ ಅಧಿಕಾರಿ. ಎಂಜಿನಿಯರಿಂಗ್ ಓದಲು, ಕೆಲಸ ಹುಡುಕಲು ಬೆಂಗಳೂರಿಗೆ ಬರುವ ಸಾವಿರಾರು ಮಂದಿಗೆ ಈ ನಗರದ ಪೊಲೀಸ್ ವ್ಯವಸ್ಥೆ ಹೇಗಿದೆ ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಊರಲ್ಲಾದರೆ ಒಂದು ಠಾಣೆ, ಒಬ್ಬರು ಪಿಎಸ್‌ಐ. ಕುರಿ ಕಳವಾದರೂ ಅಲ್ಲಿಗೇ, ಬೈಕ್ ಗುದ್ದಿದರೂ ಅಲ್ಲಿಗೇ. ಇಲ್ಲಿ ಹಾಗಿಲ್ಲ.

ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್ ವ್ಯವಸ್ಥೆ ಬಂದದ್ದು 1963ರಲ್ಲಿ. ಈಗ ನಗರವನ್ನು ಹಲವು ವಿಭಾಗಗಳಾಗಿ ಹಂಚಿ ಒಂದೊಂದಕ್ಕೆ ಒಬ್ಬೊಬ್ಬ ಡಿಸಿಪಿ ಇದ್ದಾರೆ. ನಮ್ಮ ಬಡಾವಣೆಯ ಠಾಣೆ ಕಾನೂನು ಸುವ್ಯವಸ್ಥೆಯದು. ಸಂಚಾರ ಪೊಲೀಸರಿಗೆ ಬೇರೆಯೇ ಠಾಣೆಗಳಿವೆ. ದೊಡ್ಡ ಅಪರಾಧ ಜಾಲಗಳ ಬೆನ್ನು ಹತ್ತಲು ಸಿಸಿಬಿ, ಬಂದೋಬಸ್ತ್‌ಗೆ ಸಿಎಆರ್, ಅಂದರೆ ನಗರ ಸಶಸ್ತ್ರ ಮೀಸಲು ಪಡೆ. ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆ ಸೆನ್ ಠಾಣೆಗಳು. ರಸ್ತೆಯಲ್ಲಿ ಅಪಘಾತವಾದರೆ ಎಫ್‌ಐಆರ್ ಆಗುವುದು ಸಂಚಾರ ಠಾಣೆಯಲ್ಲಿ, ಪಿಜಿ ಪಕ್ಕದ ಠಾಣೆಯಲ್ಲಿ ಅಲ್ಲ. ಕಾಲು ಮುರಿದುಕೊಂಡು ಮಲಗಿದವನ ಪರವಾಗಿ ಓಡಾಡುವ ಗೆಳೆಯರಿಗೆ ಇದು ಗೊತ್ತಿರದಿದ್ದರೆ ಅರ್ಧ ದಿನ ಹಾಳು.

ಹೀಗೆ ಹಂಚಿರುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಸಾಫ್ಟ್‌ವೇರ್‌ನಲ್ಲೂ ದೊಡ್ಡ ಕೆಲಸವನ್ನು ಮಾಡ್ಯೂಲ್‌ಗಳಾಗಿ ಒಡೆಯುತ್ತೇವೆ. ಆದರೆ ಒಳಗೆ ಎಷ್ಟು ಮಾಡ್ಯೂಲ್ ಇವೆ ಎಂಬುದು ಬಳಸುವವನಿಗೆ ತಲೆನೋವಾಗಬಾರದು. ಬೆಂಗಳೂರಿನಲ್ಲಿ ಆ ತಲೆನೋವು ಪೂರ್ತಿಯಾಗಿ ದೂರುದಾರನ ಪಾಲಿಗೆ ಬಂದಿದೆ.

ನನ್ನ ರೂಮ್‌ಮೇಟ್ ಗದಗ ಕಡೆಯವನು. ಕಳೆದ ಸೆಮಿಸ್ಟರ್‌ನಲ್ಲಿ ಮನೆಯಿಂದಲೇ ಮಾಡುವ ಡೇಟಾ ಎಂಟ್ರಿ ಕೆಲಸದ ಆಫರ್ ಲೆಟರ್ ಬಂತು. ಲ್ಯಾಪ್‌ಟಾಪ್ ಕಳಿಸಲು ಡಿಪಾಸಿಟ್ ಎಂದು 14,500 ರೂಪಾಯಿ ಕೇಳಿದರು. ಯುಪಿಐನಲ್ಲಿ ಕಳಿಸಿದ. ಹತ್ತೇ ನಿಮಿಷದಲ್ಲಿ ಆ ನಂಬರ್ ಸ್ವಿಚ್ ಆಫ್. ಇಬ್ಬರೂ ಹತ್ತಿರದ ಠಾಣೆಗೆ ಓಡಿದೆವು. ಒಂದು ಗಂಟೆ ಬೆಂಚಿನ ಮೇಲೆ ಕೂತ ಮೇಲೆ ಸಿಕ್ಕ ಉತ್ತರ: ‘ಇದು ನಮ್ಮಲ್ಲಿ ಬರಲ್ಲಪ್ಪ, ಸೆನ್ ಠಾಣೆಗೆ ಹೋಗಿ.’ ‘ಸೆನ್ ಅಂದ್ರ ಯಾರ್ರೀ ಸರ್?’ ಎಂದು ಇವನು ಕೇಳಿದ. ಅವರು ನಕ್ಕರು. ಬಸ್ ಹಿಡಿದು ಅಲ್ಲಿಗೆ ಮುಟ್ಟಿದರೆ ಮೊದಲ ಪ್ರಶ್ನೆಯೇ, ‘1930ಕ್ಕೆ ಫೋನ್ ಮಾಡಿದ್ರಾ?’ ಅಷ್ಟರಲ್ಲಿ ಮೂರೂವರೆ ಗಂಟೆ ಕಳೆದಿತ್ತು. ಅವನ ದುಡ್ಡಿನಲ್ಲಿ ತಡೆಹಿಡಿಯಲು ಸಿಕ್ಕಿದ್ದು ಎರಡು ಸಾವಿರ ಮಾತ್ರ.

ಅಲ್ಲಿದ್ದವರು ಯಾರೂ ಕೆಟ್ಟವರಲ್ಲ. ಆದರೆ ಸೆನ್ ಠಾಣೆಯಲ್ಲಿ ಕೇಳಿದ ಪ್ರಶ್ನೆಯನ್ನು ಮೊದಲ ಠಾಣೆಯವರೇ ಕೇಳಿದ್ದರೆ ಲೆಕ್ಕ ಬೇರೆಯಾಗಿರುತ್ತಿತ್ತು. ಯಾಕೆಂದರೆ ವಂಚಕರು ಹಣವನ್ನು ಒಂದೇ ಖಾತೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಬಾಡಿಗೆಗೆ ಪಡೆದ ಖಾತೆಗಳಿಗೆ ಒಂದರಿಂದ ಒಂದಕ್ಕೆ ದಾಟಿಸಿ, ಕೊನೆಗೆ ಎಟಿಎಂನಲ್ಲೋ ಇನ್ನೆಲ್ಲೋ ತೆಗೆದುಬಿಡುತ್ತಾರೆ. 1930ಕ್ಕೆ ಕರೆ ಮಾಡಿ ಮೊತ್ತ, ಸಮಯ, ವಹಿವಾಟಿನ ಸಂಖ್ಯೆ ಹೇಳಿದರೆ ಆ ವಿವರ ಸಂಬಂಧಪಟ್ಟ ಬ್ಯಾಂಕ್‌ಗಳಿಗೆ ಹೋಗುತ್ತದೆ. ಹಣ ಆಗ ಯಾವ ಖಾತೆಯಲ್ಲಿ ಉಳಿದಿದೆಯೋ ಅಲ್ಲೇ ತಡೆ ಬೀಳುತ್ತದೆ. ಪೊಲೀಸರು ಇದನ್ನೇ ‘ಗೋಲ್ಡನ್ ಅವರ್’ ಎನ್ನುವುದು. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಪೂರ್ತಿ ದೂರು ದಾಖಲಿಸಬಹುದು. ಅಂದರೆ ಮೊದಲು ಫೋನ್, ಆಮೇಲೆ ಠಾಣೆ.

ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಶುರುವಾದದ್ದು ಇದೇ ಬೆಂಗಳೂರಿನಲ್ಲಿ. ಅಂಥ ಊರಿನಲ್ಲೂ ಸೆನ್ ಠಾಣೆಗಳ ಮುಂದೆ ಜನ ಕಾಯಬೇಕಾಗಿರುವುದಕ್ಕೆ ಕಾನೂನಿನಲ್ಲೇ ಒಂದು ಕಾರಣವಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಸೆಕ್ಷನ್ ಪ್ರಕಾರ ಆ ಕಾಯ್ದೆಯಡಿಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ನನ್ನ ಮಿತ್ರರು ಕಂಪ್ಯೂಟರ್ ಸೈನ್ಸ್ ಪದವೀಧರರಾಗಿದ್ದರೂ ಕೆಲಸಕ್ಕೆ ಸೇರಿದ ಮೇಲೆ ಈ ಕಡತಗಳ ತನಿಖಾಧಿಕಾರಿ ಆಗಲಾರರು! ಕಾಯ್ದೆ ಬಂದ 2000ನೇ ಇಸವಿಯಲ್ಲಿ ಕಂಪ್ಯೂಟರ್ ಅಪರಾಧವೆಂದರೆ ಅಪರೂಪದ ಸಂಗತಿ. ಇಂದು ತರಕಾರಿ ಗಾಡಿಯಲ್ಲೂ ಕ್ಯೂಆರ್ ಕೋಡ್ ಇದೆ. ಈ ನಿಯಮವನ್ನು ಸಡಿಲಿಸಲೇಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನು ‘ನಮ್ಮ ಲಿಮಿಟ್ಸ್ ಅಲ್ಲ’ ಎಂಬ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಓದಿ ನೋಡಿ. ಪೊಲೀಸರು ನೇರವಾಗಿ ಎಫ್‌ಐಆರ್ ಮಾಡಬಹುದಾದ ಅಪರಾಧಗಳ ಮಾಹಿತಿಯನ್ನು, ಅದು ಎಲ್ಲೇ ನಡೆದಿದ್ದರೂ, ಠಾಣೆಯವರು ಸ್ವೀಕರಿಸಬೇಕು. ಝೀರೋ ಎಫ್‌ಐಆರ್ ಎನ್ನುವುದು ಇದನ್ನೇ. ಇಮೇಲ್‌ನಂಥ ವಿದ್ಯುನ್ಮಾನ ಮಾಧ್ಯಮದಲ್ಲಿ ದೂರು ಕಳಿಸಿದರೂ ಆಗುತ್ತದೆ, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು ಅಷ್ಟೆ. ದಾಖಲಾದ ಮಾಹಿತಿಯ ಪ್ರತಿ ಉಚಿತ. ಠಾಣೆಯಲ್ಲಿ ನಿರಾಕರಿಸಿದರೆ ಎಸ್‌ಪಿಗೆ, ಬೆಂಗಳೂರಿನಲ್ಲಾದರೆ ವಿಭಾಗದ ಡಿಸಿಪಿಗೆ, ಬರವಣಿಗೆಯಲ್ಲಿ ಕಳಿಸಬಹುದು. ಇದೆಲ್ಲ ಪುಸ್ತಕದಲ್ಲಿದೆ. ಬೆಂಚಿನ ಮೇಲೆ ಕೂತ ಇಪ್ಪತ್ತರ ಹುಡುಗ ‘ಸರ್, 173ರಲ್ಲಿ ಹೀಗಿದೆ’ ಎಂದು ಇನ್‌ಸ್ಪೆಕ್ಟರ್ ಎದುರು ಹೇಳುವುದು ಎಷ್ಟು ಕಷ್ಟ ಎಂದು ಅಲ್ಲಿ ಕೂತವರಿಗೇ ಗೊತ್ತು.

ಚೆನ್ನಾಗಿ ನಡೆಯುವ ಸೇವೆಗಳೂ ಇವೆ. ಮಾರ್ಕ್ಸ್ ಕಾರ್ಡ್ ಕಳೆದರೆ ಠಾಣೆಗೆ ಹೋಗದೆ ರಾಜ್ಯ ಪೊಲೀಸರ ಆ್ಯಪ್‌ನಲ್ಲಿ ಇ-ಲಾಸ್ಟ್ ವರದಿ ಪಡೆಯಬಹುದು. ಕಂಪನಿಗಳು ಕೇಳುವ ಪೊಲೀಸ್ ವೆರಿಫಿಕೇಷನ್ ಪತ್ರಕ್ಕೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬಹುದು, ಏಜೆಂಟರಿಗೆ ದುಡ್ಡು ಕೊಡಬೇಕಿಲ್ಲ. ರಾತ್ರಿ ಯಾರಾದರೂ ಹಿಂಬಾಲಿಸಿದರೆ 112. ಕರೆ ನಿಯಂತ್ರಣ ಕೊಠಡಿಗೆ ಹೋಗಿ, ಹತ್ತಿರದ ಹೊಯ್ಸಳ ವಾಹನ ಬರುತ್ತದೆ. ನೀವು ಯಾವ ಠಾಣೆಯ ವ್ಯಾಪ್ತಿಯಲ್ಲಿದ್ದೀರಿ ಎಂದು ಹೇಳಬೇಕಾಗಿಲ್ಲ. ಅಂದರೆ ವ್ಯಾಪ್ತಿಯ ಗೋಜಲನ್ನು ಇಲಾಖೆಯೇ ಬಿಡಿಸಿಕೊಳ್ಳಬಲ್ಲದು ಎಂಬುದಕ್ಕೆ 112 ಸಾಕ್ಷಿ. ಠಾಣೆಯ ಮೇಜಿನ ಎದುರು ಮಾತ್ರ ಅದು ಯಾಕೆ ಸಾಧ್ಯವಾಗುತ್ತಿಲ್ಲ?

ಇದಕ್ಕೆ ಹೊಸ ಕಟ್ಟಡ, ಹೊಸ ಆ್ಯಪ್ ಏನೂ ಬೇಡ. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡವರು ಯಾವ ಠಾಣೆಗೆ ಬಂದರೂ ಕೂರಿಸುವ ಮೊದಲೇ 1930ಕ್ಕೆ ಕರೆ ಮಾಡಿಸಲಿ. ಅಪಘಾತಕ್ಕೆ ಯಾವ ಸಂಚಾರ ಠಾಣೆ, ಸೈಬರ್‌ಗೆ ಯಾವ ಸೆನ್ ಠಾಣೆ ಎಂದು ವಿಳಾಸ ಸಮೇತ ಒಂದು ಬೋರ್ಡ್ ಬಾಗಿಲಲ್ಲೇ ಕನ್ನಡದಲ್ಲಿರಲಿ. ಕಾಲೇಜುಗಳೂ ಮೊದಲ ವರ್ಷದ ಇಂಡಕ್ಷನ್‌ನಲ್ಲಿ ಅರ್ಧ ಗಂಟೆ ಇದಕ್ಕೆ ಕೊಡಲಿ. ಗಣ್ಯರ ಭಾಷಣದ ಅವಧಿ ತುಸು ಕಡಿಮೆಯಾದರೆ ನಷ್ಟವೇನಿಲ್ಲ. ಪ್ಲೇಸ್‌ಮೆಂಟ್ ಹಂಗಾಮು ಶುರುವಾಗುತ್ತಿದ್ದಂತೆ ನಕಲಿ ಆಫರ್ ಲೆಟರ್‌ಗಳೂ ಬರತೊಡಗುತ್ತವೆ. ಅದಕ್ಕೆ ಮೊದಲು ನಮ್ಮ ವಿಭಾಗದ ನೋಟಿಸ್ ಬೋರ್ಡಿನಲ್ಲಿ ಈ ನಂಬರ್‌ಗಳನ್ನೂ ಹತ್ತಿರದ ಠಾಣೆಗಳ ವಿಳಾಸವನ್ನೂ ಹಾಕಲು ಅನುಮತಿ ಕೇಳಿ ನಾವು ಆರು ಮಂದಿ ಎಚ್‌ಒಡಿಗೆ ಪತ್ರ ಕೊಟ್ಟಿದ್ದೇವೆ. ಸಹಿ ಇನ್ನೂ ಆಗಿಲ್ಲ.